ಚಿತ್ರದುರ್ಗದ ಕೋಟೆಗೆ ಹೋಗೋರು ಪೂರ್ತಿ ಕೇಳ್ರಿ

ಹಲೋ... ಹೂಂ, ರೆಕಾರ್ಡ್ ಆಗ್ತೈತೆ. ಸಣ್ಣಿ, ನಿನ್ನ ಮೆಸೇಜು ಈಗ ಓದಿಸ್ಕೊಂಡೆ. ಭಾನುವಾರ ಮಕ್ಳನ್ನ ಕರ್ಕೊಂಡು ದುರ್ಗಕ್ಕೆ ಹೊಂಟೀವಿ, ಅತ್ತೆಗೆ ಮಂಡಿನೋವು, ಕೋಟೆ ಹತ್ತಾಕಾಗುತ್ತಾ ದೊಡ್ಡಮ್ಮ, ಹೆದ್ರಿಕೆ ಆಗ್ತೈತೆ ಅಂದ್ಯಲ್ಲ. ಮಂಡಿ ಹಂಗಿರ್ಲಿ. ಕೈಯಾಗೆ ಕವರ್ ಹಿಡ್ಕೊಂಡು ಮಾತ್ರ ಹತ್ತಬ್ಯಾಡ್ರಿ!

ಜಗಳೂರು ಚಿಕ್ಕಪ್ಪನ ಲಗ್ನ ಆದ ವರ್ಷ, ಹೊಸ ಮದುಮಕ್ಕಳ ಜೊತೆ ನಾವೂ ಹೋಗಿದ್ವಿ. ನಿಮ್ಮ ದೊಡ್ಡಪ್ಪ ಬೆಣ್ಣೆದೋಸೆ ತಿನ್ನದೆ ಊರು ಬಿಡೋರಲ್ಲ, ದುರ್ಗ ಮುಟ್ಟೋದ್ರಾಗೆ ನೆತ್ತಿ ಮೇಲೆ ಸೂರ್ಯ. ಕವರ್‌ನಾಗೆ ಮಂಡಕ್ಕಿ, ಮಿರ್ಚಿ. ನಿಮ್ಮ ಚಿಕ್ಕಪ್ಪಂದು ಹೊಸ ಪಂಚೆ, ಜುಬ್ಬಕ್ಕೂ ಜೇಬಿಲ್ಲ, ಕಾರಿನ ಕೀಲಿನೂ ಅದ್ರಾಗೇ ಹಾಕ್ಯಾನೆ. ನನಗೊಂದು ಮಾತು ಹೇಳಿಲ್ಲ! ಏಕನಾಥೇಶ್ವರಿ ಗುಡಿ ಮುಂದೆ ಕೈ ಮುಗಿಯೋದ್ರಾಗೆ ಕೋತಿ ಬಂದು ಕವರ್ ಕಿತ್ಕೊಂಡು ಬಂಡೆ ಹತ್ತಿಬಿಡ್ತು. ಮಂಡಕ್ಕಿ ಮುಕ್ತು, ಮಿರ್ಚಿ ಕಡಿದು ಉಗೀತು, ಕೀಲಿ ಮೂಸಿ ನೋಡಿ ಬಂಡೆ ಸಂದಿಗೆ ಬಿಸಾಕ್ತು. ಇವತ್ತಿಗೂ ಅಲ್ಲೇ ಐತೆ ಅದು. ಬಂಡೆ ರೊಟ್ಟಿ ಹಂಚಿನಂಗೆ ಕಾದಿತ್ತು, ಕುಡಿಯಾಕೆ ನೀರಿಲ್ಲ. ಇಳಿಯೋವಾಗ ಓಬವ್ವನ ಕಿಂಡಿ ಹತ್ರ ಮದುಮಗಳು ಕೂತು ಅಳ್ತಾಳೆ. ಓಬವ್ವ ಒನಕೆ ಹಿಡಿದು ಹೈದರನ ಸೈನಿಕರ ತಲೆ ಒಡೆದ ಜಾಗದಾಗೆ! ಬಸ್ಸಿಗೆ ನಿಂತ್ಕೊಂಡು ದಾವಣಗೆರೆಗೆ ಬಂದ್ವಿ. ಅದಕ್ಕೇ ಹೇಳಾದು, ಕವರ್ ಬ್ಯಾಡ. ತಿನ್ನೋದು ಕಾಣೋ ಹಂಗೇ ಇರಬಾರ್ದು.

ತಪ್ಪು ಯಾರ್ದು ಅಂದ್ರೆ ನಂದಂತೆ. ಕವರ್ ನಾನು ಹಿಡ್ಕೊಂಡಿದ್ನಲ್ಲ! ಈಗ್ಲೂ ಯಾವ ಕಾರ್ಯಕ್ಕೆ ಹೋದ್ರೂ "ಅತ್ಗೆ ಕೈಗೆ ಕೀಲಿ ಕೊಡಬ್ಯಾಡ್ರಿ" ಅಂತ ನಿಮ್ಮ ಚಿಕ್ಕಪ್ಪ ನಾಲ್ಕು ಜನದ ಮುಂದೆ ನಗ್ತಾನೆ. ಅವನೂ ಗ್ರೂಪ್‌ನಾಗೆ ಅದಾನೆ, ಕೇಳಿಸ್ಕೊಳ್ಳಲಿ. ಹೋದ ದೀಪಾವಳಿಗೆ ಟಿಟಿ ಮಾಡಿಸ್ಕೊಂಡು ಹಂಪಿಗೆ ಹೋದ್ರಲ್ಲ, ದೊಡ್ಡೋಳು ಬರ್ತಾಳಾ ಅಂತ ಒಬ್ರಾದ್ರೂ ಕೇಳಿದ್ರಾ? ನಾ ಮಾಡಿದ್ದ ಚಕ್ಲಿ ಡಬ್ಬಿ ಮಾತ್ರ ತಗಂಡೋದ್ರಿ. ಡಬ್ಬಿನೂ ವಾಪಸ್ ಬಂದಿಲ್ಲ.

ಅಯ್ಯೋ, ನಿಮ್ಮತ್ತೆ ಮಂಡಿ ವಿಷಯ ಮರ್ತೆ ನೋಡು. ಪೂರ್ತಿ ಹತ್ತಿಸಬ್ಯಾಡ. ಕೆಳಗಿನ ಬಾಗಿಲುಗಳ ತನಕ ನಿಧಾನಕ್ಕೆ ನಡೀಲಿ. ದಾರಿ ಹಾವಿನಂಗೆ ಸುತ್ತಿ ಹೋಗ್ತೈತಲ್ಲ, ಆನೆ ಓಡಿಬಂದು ಬಾಗಿಲಿಗೆ ಗುದ್ದಬಾರ್ದು ಅಂತ ಹಂಗೆ ಕಟ್ಟಿರಾದು, ಮಕ್ಳಿಗೆ ತೋರ್ಸು. ಕೋವಿ ಮದ್ದು ಬೀಸೋ ಕಲ್ಲೂ ಕೆಳಗೇ ಐತೆ. ಅಷ್ಟು ನೋಡಿ ಅವರು ನೆರಳಾಗೆ ಕೂತ್ಕೊಳ್ಳಲಿ, ಒಬ್ಬರು ಜೊತೆಗಿರ್ರಿ. ಮಕ್ಳು ಬೇಕಾದ್ರೆ ಹಿಡಿಂಬೇಶ್ವರ ಗುಡಿಗೆ ಹೋಗಿ ರಾಕ್ಷಸನ ಹಲ್ಲು ನೋಡ್ಕೊಂಡು ಬರ್ಲಿ. ಹೊಂಡದ ಹತ್ರ ಕೈ ಬಿಡಬ್ಯಾಡ, ಪಾಚಿ. 15 ವರ್ಷದೊಳಗಿನ ಮಕ್ಳಿಗೆ ಟಿಕೆಟ್ ಇಲ್ಲ, ಸುಮ್ನೆ ದುಡ್ಡು ಕೊಟ್ಟೀರಿ.

ಸಂಜೆಗೆ ಕೋಟೆ ಹತ್ರದ ಚಂದ್ರವಳ್ಳಿ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದು ಅಲ್ಲಿ ಬಂಡೆ ಮೇಲೆ ಕೆತ್ತೈತೆ. ಅಂಕಲಿ ಮಠದ ಗವಿ ಒಳಗೆ ಕಗ್ಗತ್ತಲೆ, ಗೊತ್ತಿದ್ದೋರ ಜೊತೆಗೇ ಇಳೀರಿ. ನಿಮ್ಮತ್ತೆಗೆ ಕೆರೆ ದಂಡೆನೇ ಸಾಕು.

ದಾವಣಗೆರೆಯಿಂದ ದುರ್ಗ ಅರವತ್ತು ಕಿಲೋಮೀಟರ್ ಅಷ್ಟೇ, ಬೆಳಿಗ್ಗೆ ಆರಕ್ಕೇ ಬಿಡ್ರಿ, ದೋಸೆ ಬರೋವಾಗ ತಿಂದ್ರಾಯ್ತು. ಬೆನ್ನಿಗೆ ಹಾಕೋ ಬ್ಯಾಗು ನಮ್ಮನೇಲಿ ಐತೆ, ಜಿಪ್ಪು ಗಟ್ಟಿ ಐತೆ. ಶನಿವಾರ ಸಂಜೆ ನಿಮ್ಮನೆಯೋರ್ನ ಕಳ್ಸು. ಬರೋವಾಗ ಆ ಚಕ್ಲಿ ಡಬ್ಬಿ ಯಾರ ಹತ್ರ ಐತೋ ಕೇಳಿ ತಗಂಬರ್ಲಿ.