ಮಳೆಗಾಲ ಕಳೆದ ಮೇಲೆ ಪಾಯಿಂಟ್ ಟೂ ಟೂ ರೈಫಲ್ ಗುರಿ ತಪ್ಪುತ್ತಿದೆ, ಏನು ನೋಡಬೇಕು?

ಗೋಣಿಕೊಪ್ಪದವ:
ಮನೆಯಲ್ಲಿ ಅಜ್ಜನ ಕಾಲದ ಪಾಯಿಂಟ್ ಟೂ ಟೂ ಬೋಲ್ಟ್ ರೈಫಲ್ ಇದೆ. ಅಜ್ಜ ತಂದದ್ದು ಬೇಟೆಗೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅದು ನಿಂತಿತು. ಈಗ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ, ಅದರ ಅಭ್ಯಾಸಕ್ಕೆ ಮಾತ್ರ ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ರೇಂಜಿನಲ್ಲಿ 50 ಮೀಟರಿಗೆ ಐದು ಈಡು ಹೊಡೆದರೆ ಐದೂ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬೀಳುತ್ತಿದ್ದವು. ಈಗ ಅಂಗೈ ಅಗಲ ಹರಡುತ್ತಿವೆ, ಅದೂ ಬಲಕ್ಕೆ, ಮೇಲಕ್ಕೆ. ಗುರಿ ನೋಡುವ ದುರ್ಬೀನು (ಸ್ಕೋಪ್) ತಿರುಗಿಸಿ ಸರಿ ಮಾಡಿದರೆ ಮುಂದಿನ ಐದು ಇನ್ನೊಂದು ಕಡೆ. ತೋಟೆ ಅದೇ ಪೆಟ್ಟಿಗೆಯದು. ಬ್ಯಾರಲ್ ಸವೆದಿದೆ, ಮಾರಿಬಿಡು ಅನ್ನುತ್ತಾರೆ ಮನೆಯವರು. ನನಗೆ ಮನಸ್ಸಿಲ್ಲ.

ಮಡಿಕೇರಿ_ಶೂಟರ್:
ಸ್ಕೋಪಿನ ರಿಂಗ್ ಸ್ಕ್ರೂ ಸಡಿಲ ಆಗಿರಬಹುದು. ಮೊದಲು ಅದನ್ನು ನೋಡಿ.

ಹಳೆ ಕೋವಿ ರಿಪೇರಿ:
ಮಾರಬೇಡಿ ತಮ್ಮಾ. ಪಾಯಿಂಟ್ ಟೂ ಟೂ ಗುಂಡು ಮೆತ್ತನೆ ಸೀಸ, ಒತ್ತಡವೂ ಕಡಿಮೆ. ಆ ಬ್ಯಾರಲ್ ಸವೆಯುವುದಕ್ಕೆ ಒಂದು ಜನ್ಮ ಬೇಕು. ಬೇಸಿಗೆಯಲ್ಲಿ ಚೆನ್ನಾಗಿ ಹೊಡೆದ ಕೋವಿ ಕಕ್ಕಡದ ಮಳೆ ತಿಂಗಳು ಕಳೆಯುವಷ್ಟರಲ್ಲಿ ಸವೆಯಿತು ಅಂದರೆ ನಾನು ಒಪ್ಪುವುದಿಲ್ಲ.

ನಾನು ಮೊದಲು ಅನುಮಾನ ಪಡುವುದು ಮರವನ್ನು. ನಮ್ಮ ಕೊಡಗಿನ ಮಳೆಯಲ್ಲಿ ಸ್ಟಾಕ್, ಅಂದರೆ ಕೋವಿಯ ಮರದ ಭಾಗ, ತೇವ ಎಳೆದುಕೊಂಡು ಊದುತ್ತದೆ. ಹೊರಗೆ ಪಾಲಿಶ್ ಇರುತ್ತದೆ, ಬ್ಯಾರಲ್ ಕೂರುವ ಒಳಗಿನ ಕಾಲುವೆ ಪಾಲಿಶ್ ಇಲ್ಲದ ಬರೀ ಮರ. ಅದು ಒಂದು ಪಕ್ಕದಿಂದ ಬ್ಯಾರಲ್ ಒತ್ತಿದರೆ ಗುಂಡು ಆಚೆ ಪಕ್ಕಕ್ಕೆ ಹೋಗುತ್ತದೆ. ತೇವ ಏರಿದಾಗ, ಇಳಿದಾಗ ಒತ್ತಡವೂ ಬದಲಾಗುತ್ತದೆ. ಆಗ ಸ್ಕೋಪ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ.

ತೋಟೆ ಒಳಗೆ ತಳ್ಳುವ ಹಿಂದಿನ ಬೋಲ್ಟ್ ತೆಗೆದಿಡಿ, ತೋಟೆ ಕೂರುವ ಚೇಂಬರ್ ಖಾಲಿ ಇದೆಯಾ ಕಣ್ಣಾರೆ ನೋಡಿ. ಆಮೇಲೆ ಒಂದು ಹತ್ತು ರೂಪಾಯಿ ನೋಟನ್ನು ಬ್ಯಾರಲ್ ಕೆಳಗೆ ಸುತ್ತಿ ತುದಿಯಿಂದ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಬೇಕೆಂದೇ ಬ್ಯಾರಲ್ಲಿಗೆ ಮರ ತಾಗಿಸಿ ಮಾಡಿದ ಕೋವಿಗಳೂ ಇವೆ. ಅದಕ್ಕೆ ನೋಡಬೇಕಾದ್ದು ತಾಗುತ್ತದೋ ಇಲ್ಲವೋ ಅಂತಲ್ಲ, ಒಂದೇ ಪಕ್ಕಕ್ಕೆ ತಾಗುತ್ತದಾ ಅಂತ.

ಸ್ಟಾಕ್ ಹಿಡಿಯುವ ಸ್ಕ್ರೂಗಳನ್ನೂ ನೋಡಿ. ಮರ ಊದಿ ಇಳಿದರೆ ಅವು ಸಡಿಲ ಆಗುತ್ತವೆ. ಕೆಲವು ಹಳೆಯವುಗಳಲ್ಲಿ ಮುಂದುಗಡೆ ಬ್ಯಾರಲ್ ಹಿಡಿಯುವ ಇನ್ನೊಂದು ಸ್ಕ್ರೂ ಇರುತ್ತದೆ, ಅದನ್ನು ಯಾರೂ ನೋಡುವುದೇ ಇಲ್ಲ.

ಇನ್ನೊಂದು ಮಾತು. ನಾಟಿ ಮುಗಿಯುವವರೆಗೆ ಕನ್ನಿಕೊಂಬರೆಯಲ್ಲಿ (ದೇವರ ಕೋಣೆ) ಇಡುವಾಗ ಬ್ಯಾರಲ್ಲಿಗೆ ಎಣ್ಣೆ ಹಾಕಿರುತ್ತೀರಿ ಅಲ್ವಾ? ಹೊಡೆಯುವ ಮೊದಲು ಒಣ ಬಟ್ಟೆ ಎಳೆದು ಅದನ್ನು ತೆಗೆಯಿರಿ. ಎಣ್ಣೆ ಇದ್ದರೆ ಮೊದಲ ಕೆಲವು ಈಡು ಎಲ್ಲೆಲ್ಲೋ ಹೋಗುತ್ತವೆ. ಪೂಜೆಗೆ ತುದಿಗೆ ಸಿಕ್ಕಿಸಿದ ತೋಕ್ ಪೂ (ಕೋವಿ ಹೂ) ಎಸಳೋ ತೊಟ್ಟೋ ಒಳಗೆ ಉಳಿದಿದೆಯಾ ಅಂತ ಹಿಂದಿನಿಂದ ಬೆಳಕಿಗೆ ಹಿಡಿದು ನೋಡಲೇಬೇಕು. ಇದು ಗುರಿಯ ಮಾತಲ್ಲ, ನಿಮ್ಮ ಕೈ ಕಣ್ಣು ಉಳಿಸಿಕೊಳ್ಳುವ ಮಾತು. ಬಟ್ಟೆ ಎಳೆಯುವುದೂ ಬೋಲ್ಟ್ ಕಡೆಯಿಂದಲೇ. ಕಬ್ಬಿಣದ ಕೋಲನ್ನು ತುದಿಯಿಂದ ತುರುಕಿ ತುರುಕಿ ಬಾಯಿಯ ಅಂಚು ಕೆಡಿಸಿದ ಎಷ್ಟೋ ಕೋವಿ ನನ್ನ ಮೇಜಿಗೆ ಬಂದಿವೆ. ಅಂಚಿನ ಸುತ್ತ ಹತ್ತಿ ಸವರಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಪೆಟ್ಟು ಇದೆ ಅಂತ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಐದು ಈಡು ಹೊಡೆದು ಕಾಗದ ತೆಗೆದಿಡಿ. ಮರಳು ಚೀಲ ಸ್ಟಾಕಿನ ಕೆಳಗಿರಲಿ, ಬ್ಯಾರಲ್ ಕೆಳಗೆ ಬೇಡ.

ಮಡಿಕೇರಿ_ಶೂಟರ್:
ತೋಟೆ ಯಾವುದು? ಹೈ ವೆಲಾಸಿಟಿ ಆದರೆ ಸ್ಟ್ಯಾಂಡರ್ಡ್ ಒಂದು ಪೆಟ್ಟಿಗೆ ಹೊಡೆದು ನೋಡಿ. ಜೋರಿನ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು ದಾರಿಯಲ್ಲಿ ಶಬ್ದದ ವೇಗಕ್ಕೆ ಇಳಿಯುತ್ತದೆ, ಆಗ ಅಲುಗಾಡುತ್ತದೆ.

ಗೋಣಿಕೊಪ್ಪದವ:
ಅಣ್ಣಾ, ನೋಟು ಎಡಗಡೆ, ಮುಂದಿನ ತುದಿಯಿಂದ ನಾಲ್ಕು ಬೆರಳು ಹಿಂದೆ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತಿದೆ. ಬಲಗಡೆ ಸಲೀಸು. ಸ್ಕ್ರೂ ಎಲ್ಲ ಬಿಗಿ ಇದೆ. ಮರಳು ಕಾಗದದಲ್ಲಿ ಉಜ್ಜಲಾ?

ಹಳೆ ಕೋವಿ ರಿಪೇರಿ:
ಸಿಕ್ಕಿತು ನೋಡಿ! ಎಡದಿಂದ ಒತ್ತಿ ಬಲಕ್ಕೆ ಕಳಿಸುತ್ತಿದೆ. ಆದರೆ ಈಗಲೇ ಉಜ್ಜಬೇಡಿ. ಊದಿದ ಮರ ಉಜ್ಜಿದರೆ ಬೇಸಿಗೆಯಲ್ಲಿ ಜಾಸ್ತಿ ಸಂದಿ ಬೀಳುತ್ತದೆ. ಬ್ಯಾರಲ್ ಬಿಚ್ಚಿ, ಸ್ಟಾಕನ್ನು ಒಲೆಯಿಂದ ದೂರ, ಗಾಳಿ ಆಡುವ ಕೋಣೆಯಲ್ಲಿ ಕೆಲವು ವಾರ ಇಡಿ. ಒಣಗಿದ ಮೇಲೂ ತಾಗಿದರೆ ಆ ಗುರುತಿನ ಜಾಗ ಮಾತ್ರ ತೆಳುವಾಗಿ ಉಜ್ಜಿ, ಒಳಗಿನ ಕಾಲುವೆಗೆ ಅಗಸೆ ಎಣ್ಣೆ ಎರಡು ಮೂರು ಕೈ ಹಚ್ಚಿ. ಈ ಸಲದ ಸ್ಪರ್ಧೆಗೆ ಬೇರೆ ಕೋವಿ ಸಿಗುತ್ತದಾ ನೋಡಿ.