ಸಹಾಯ ಬೇಕು: ಗಂಟೆಗೊಮ್ಮೆ ಹಾರ್ಮೋನು ಕೊಟ್ಟ ಕೋತಿಗಳ ಪ್ರಯೋಗ, ಕನ್ನಡದಲ್ಲಿ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಸಿ ಪ್ರಾಣಿಶಾಸ್ತ್ರ, ಎರಡನೇ ವರ್ಷ. ಬರೋ ಗುರುವಾರ ಸೆಮಿನಾರ್ ಇದೆ. ಕನ್ನಡದಲ್ಲೇ ಮಾಡ್ತೀನಿ ಅಂತ ಜಂಬದಿಂದ ಒಪ್ಪಿಕೊಂಡು ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ವಿಷಯ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಅರ್ನ್ಸ್ಟ್ ಕ್ನೋಬಿಲ್ ತಂಡ 1970ರ ದಶಕದಲ್ಲಿ ರೀಸಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗ. ಮೆದುಳಿನ ಹೈಪೊಥಲಾಮಸ್‌ನ ಒಂದು ಭಾಗ ಹಾಳುಮಾಡಿ, ಅಲ್ಲಿಂದ ಬರಬೇಕಿದ್ದ ಜಿಎನ್‌ಆರ್‌ಎಚ್ ಹಾರ್ಮೋನನ್ನು ಹೊರಗಿನಿಂದ ಕೊಟ್ಟರು. ಗಂಟೆಗೊಮ್ಮೆ 6 ನಿಮಿಷ ಹರಿಸಿದಾಗ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಬಿಡುವ, ಅಂಡಾಶಯವನ್ನು ನಡೆಸುವ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಮತ್ತೆ ಏರಿದವು. ಎಡೆಬಿಡದೆ ಹರಿಸಿದರೆ ಎರಡೂ ಕುಸಿದವು! ಕಾಲಿಂಗ್ ಬೆಲ್ ಬಿಟ್ಟುಬಿಟ್ಟು ಒತ್ತಿದರೆ ಬಾಗಿಲು ತೆಗೀತಾರೆ, ಒತ್ತಿ ಹಿಡಿದರೆ ವೈರೇ ಕಿತ್ತುಹಾಕ್ತಾರೆ, ಅಲ್ವಾ? ಇಷ್ಟು ಹೇಳಬಲ್ಲೆ.

ಕಷ್ಟ ಮುಂದಿನದು. ಗಂಟೆಗೊಮ್ಮೆ ಅದೇ ಡೋಸ್, ಏನೂ ಬದಲಿಲ್ಲ. ಆದರೂ ಅಂಡಾಶಯ ತೆಗೆಯದೆ ಬಿಟ್ಟಿದ್ದ ಕೋತಿಗಳಲ್ಲಿ ಸುಮಾರು 28 ದಿನದ ಋತುಚಕ್ರ ನಡೆದು ಅಂಡವೂ ಬಿಡುಗಡೆಯಾಯಿತು. ನಡುವೆ ಎಲ್‌ಎಚ್ ಆ ಪಾಟಿ ಏರಿದ್ದು ಅಂಡಾಶಯದ ಈಸ್ಟ್ರೊಜನ್ ಹಾರ್ಮೋನು ನೇರವಾಗಿ ಪಿಟ್ಯುಟರಿ ಮೇಲೆ ಕೆಲಸ ಮಾಡಿದ್ದರಿಂದ. ಇದನ್ನು ಬೋರ್ಡ್ ಮೇಲೆ ಒಂದೇ ಚಿತ್ರದಲ್ಲಿ ಹೇಗೆ ತೋರಿಸಲಿ? ನಾನು ಎಳೆದ ಬಾಣಗಳನ್ನು ನೋಡಿ ರೂಮ್‌ಮೇಟ್ "ಇದೇನೇ, ಮೆಜೆಸ್ಟಿಕ್ ಬಸ್ ರೂಟಾ?" ಅಂದಳು.

ಇನ್ನೊಂದು, ಹಾರ್ಮೋನು ಹೀಗೆ ಬಿಟ್ಟುಬಿಟ್ಟು ಹರಿಯುವ ಈ 'ಪಲ್ಸ್'ಗೆ ಕನ್ನಡದಲ್ಲಿ ಏನನ್ನಲಿ? 'ಮಿಡಿತ' ಅಂದರೆ ಹೃದಯ ನೆನಪಾಗುತ್ತೆ. 'ಸ್ಪಂದನ' ತೀರಾ ಕವಿತೆ. 'ಅಲೆ' ಆದೀತಾ?

ಹಾಗೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಅವರು ನಮ್ಮ ಬಾನೆಟ್ ಕೋತಿಗಳಲ್ಲಿ ಎಫ್‌ಎಸ್‌ಎಚ್ ಬಗ್ಗೆ ಮಾಡಿದ ಕೆಲಸದ ಕುರಿತು ಕನ್ನಡ ಲೇಖನ ಯಾರ ಹತ್ತಿರವಾದರೂ ಇದ್ದರೆ ಫೋಟೊ ತೆಗೆದು ಹಾಕಿ. ಮಸುಕಾಗಿದ್ದರೂ ಓದಿಕೊಳ್ತೀನಿ.