ಬ್ಯಾಂಬರೊ ಕೋಟೆಯ ತೆನೆ

ಲಂಡನ್ ಬಿಟ್ಟು ನ್ಯೂಕ್ಯಾಸಲ್ ಕಡೆಗೆ ಬಂದರೆ ಮಕ್ಕಳಿಗೆ ಅಲ್ಲಿ ಏನಿದೆ ಎಂದು ಕೇಳಿದ್ದೀರಿ. ಶಾಲೆ, ಮನೆ ಬಾಡಿಗೆಗಳ ಬಗ್ಗೆ ಉಳಿದವರು ಬರೆಯಲಿ, ನಾನು ಕೋಟೆಗಳ ವಿಷಯ ಹೇಳುತ್ತೇನೆ. ನಗರದಿಂದ ಕಾರಿನಲ್ಲಿ ಒಂದು ಗಂಟೆ ಉತ್ತರಕ್ಕೆ ಹೋದರೆ ನಾರ್ಥಂಬರ್ಲೆಂಡಿನ ಕರಾವಳಿ. ಪಕ್ಕದಲ್ಲೇ ಸ್ಕಾಟ್ಲೆಂಡಿನ ಗಡಿ. ಶತಮಾನಗಳ ಕಾಲ ಕಾದಾಟವೂ ದನಗಳ್ಳತನವೂ ನಿಂತಿರಲಿಲ್ಲ. ಹೆಜ್ಜೆಗೊಂದು ಕೋಟೆ ಎದ್ದದ್ದು ಹಾಗೆ.

ನಮಗೆ ಹತ್ತಿರವಾದದ್ದು ಬ್ಯಾಂಬರೊ. ಕಡಲಿನ ಅಂಚಿನಲ್ಲಿ ಕರಿಬಂಡೆಯ ಮೇಲೆ ಕೂತಿದೆ. 1464ರಲ್ಲಿ ರಾಜನ ಫಿರಂಗಿಗಳು ಇದರ ಗೋಡೆಯನ್ನು ಒಡೆದವು. ಇಂಗ್ಲೆಂಡಿನಲ್ಲಿ ಫಿರಂಗಿಗೆ ಸೋತ ಮೊದಲ ಕೋಟೆ ಇದೇ ಎನ್ನುತ್ತಾರೆ. ಪಾಳುಬಿದ್ದಿದ್ದ ಇದನ್ನು 1894ರಲ್ಲಿ ಕೊಂಡು ರಿಪೇರಿಗೆ ಕೈಹಾಕಿದವರು ಯಾರು ಗೊತ್ತೇ? ವಿಲಿಯಂ ಆರ್ಮ್‌ಸ್ಟ್ರಾಂಗ್, ನ್ಯೂಕ್ಯಾಸಲ್‌ನ ಫಿರಂಗಿ ಕಾರ್ಖಾನೆಯ ಧಣಿ! ನನ್ನ ಮಗ ಇದನ್ನು ಕೇಳಿ, "ಒಡೆದವರೇ ಕಟ್ಟಿಕೊಟ್ಟ ಹಾಗಾಯಿತಲ್ಲಪ್ಪಾ" ಎಂದು ನಕ್ಕಿದ್ದ.

ಚಿತ್ರದುರ್ಗದ ಓಬವ್ವನ ಕಿಂಡಿಯನ್ನು ರಜೆಯಲ್ಲಿ ನೋಡಿ ಬಂದ ಮೇಲೆ ಅವನು ಎಲ್ಲ ಕೋಟೆಯಲ್ಲೂ ಕಿಂಡಿ ಹುಡುಕುತ್ತಾನೆ. ಇಲ್ಲಿ ಓಬವ್ವನಿಲ್ಲ, ಆದರೆ ಗ್ರೇಸ್ ಡಾರ್ಲಿಂಗ್ ಇದ್ದಾಳೆ. ದೀಪಸ್ತಂಭ ಕಾಯುವವನ ಮಗಳು. 1838ರ ಸೆಪ್ಟೆಂಬರಿನಲ್ಲಿ ಹಡಗೊಂದು ಬಂಡೆಗೆ ಬಡಿದಾಗ, 22ರ ಹುಡುಗಿ ಅಪ್ಪನ ಜೊತೆ ಬಿರುಗಾಳಿಯಲ್ಲಿ ದೋಣಿಯ ಹುಟ್ಟು ಹಾಕಿ ಬದುಕುಳಿದವರನ್ನು ಕರೆತಂದಳು. ಅವಳ ಸಮಾಧಿ ಬ್ಯಾಂಬರೊದ ಚರ್ಚಿನ ಅಂಗಳದಲ್ಲಿದೆ, ಕೋಟೆಯಿಂದ ನಡೆದೇ ಹೋಗಬಹುದು.

ಡನ್‌ಸ್ಟನ್‌ಬರೊ ಕೋಟೆಗೆ ರಸ್ತೆಯೇ ಇಲ್ಲ. ಕ್ರಾಸ್ಟರ್ ಹಳ್ಳಿಯಿಂದ ಎರಡು ಕಿಲೋಮೀಟರ್ ಕಡಲ ದಂಡೆಯಲ್ಲಿ ನಡೆಯಬೇಕು. ಆ ಹಳ್ಳಿಯಲ್ಲಿ ಓಕ್ ಮರದ ಹೊಗೆಯಲ್ಲಿ ಮೀನು ಒಣಗಿಸುತ್ತಾರೆ. ನಮ್ಮ ಕರಾವಳಿಯವರಿಗೆ ವಾಸನೆಯಲ್ಲೇ ಊರು ನೆನಪಾದೀತು. ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗುವಾಗ ಮಾತ್ರ ಭರತ-ಇಳಿತದ ವೇಳಾಪಟ್ಟಿ ನೋಡಿಯೇ ಹೊರಡಿ, ದಿನಕ್ಕೆ ಎರಡು ಸಲ ರಸ್ತೆ ನೀರಿನಡಿ ಮುಳುಗುತ್ತದೆ. 793ರಲ್ಲಿ ವೈಕಿಂಗರು ಸೂರೆ ಮಾಡಿದ ಮಠ ಅಲ್ಲಿಯೇ ಇತ್ತು.

ಮಕ್ಕಳಿಗೆ ಇದು ಪರರ ಚರಿತ್ರೆ ಎಂದು ಮೊದಲು ನನಗೂ ಅನಿಸಿತ್ತು. ಆಮೇಲೆ ಒಂದು ಆಟ ಹೂಡಿದೆವು: ಕೋಟೆಯೊಳಗೆ ಕಂಡದ್ದಕ್ಕೆಲ್ಲ ಕನ್ನಡದ ಹೆಸರು ಹೇಳಬೇಕು. ಹೆಬ್ಬಾಗಿಲು, ಬುರುಜು, ಕಂದಕ, ಕೊತ್ತಲ. ಮನೆಯಲ್ಲಿ ಬಾಯಿಗೆ ಬಾರದ ಪದಗಳೆಲ್ಲ ಅಲ್ಲಿ ಬಂದವು. ಗೋಡೆಯ ಮೇಲಿನ ಹಲ್ಲುಹಲ್ಲಿನಂಥ ಸಾಲಿಗೆ 'ತೆನೆ' ಎಂದಾಗ ಮಗಳು ತಡೆದಳು: "ಜೋಳಕ್ಕೂ ಕೋಟೆಗೂ ಒಂದೇ ಪದ ಯಾಕೆ?" ಉತ್ತರ ನನ್ನಲ್ಲಿರಲಿಲ್ಲ. ಅಲ್ಲಿಂದಲೇ ಊರಿಗೆ ಫೋನು ಹಚ್ಚಿದೆ; ಅಜ್ಜ-ಮೊಮ್ಮಗಳ ಮಾತು ಮುಗಿಯುವಷ್ಟರಲ್ಲಿ ನಮ್ಮ ಪುಳಿಯೋಗರೆ ಗಾಳಿಗೆ ಆರಿ ತಣ್ಣಗಾಗಿತ್ತು.